ಓದುವಾಗ ಬಿಟ್ಟ ಸಾಲು

ಅತ್ತೆಯ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಬಿಸ್ಕತ್ತು ಇದ್ದದ್ದನ್ನು ಯಾರೂ ನೋಡಿಲ್ಲ. ಅಂಗಿಯ ಗುಂಡಿಗಳು, ತುಕ್ಕು ಹಿಡಿದ ಎರಡು ಬೀಗದ ಕೈ, ಯಾರದ್ದೋ ಮುರಿದ ಕನ್ನಡಕ, ತಳದಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದ. 1887ರ ಫೆಬ್ರವರಿಯಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಿಂದ ಬಂದದ್ದು. ಬರೆದವನು ಅತ್ತೆಯ ಅಜ್ಜನ ಅಣ್ಣ. ಅದೇ ಮೊದಲನೇ ಕಾಗದ, ಅದೇ ಕೊನೆಯದು. ಆಮೇಲೆ ಅವನು ಏನಾದ ಅಂತ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ಸಾಗರ ತಾಲೂಕಿನ ಒಂದು ಹಳ್ಳಿಯವಳು. ಮದುವೆಯಾಗಿ ನಾರ್ವೆಯ ಬರ್ಗೆನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಮಳೆಯ ಲೆಕ್ಕದಲ್ಲಿ ಊರು ಬಿಟ್ಟ ಹಾಗೇ ಅನ್ನಿಸುವುದಿಲ್ಲ. ಗಂಡನ ತಾಯಿಯ ಊರು ಸೋಗ್ನೆಫ್ಯೋರ್ಡಿನ ಒಳಗೆ. ಅದು ಇನ್ನೂರು ಕಿಲೋಮೀಟರಿಗೂ ಉದ್ದಕ್ಕೆ ಒಳನಾಡಿಗೆ ನುಗ್ಗಿದ ಸಮುದ್ರದ ತೋಳು. ಇಲ್ಲಿ ಅತ್ತೆಯನ್ನು ಹೆಸರು ಹಿಡಿದೇ ಕರೆಯಬೇಕು. ನನ್ನ ನಾಲಿಗೆ ಅದಕ್ಕೆ ಇನ್ನೂ ಏಳುವುದಿಲ್ಲ. ಎದುರಿಗೆ ಹೆಸರು ನುಂಗಿಕೊಂಡು ಮಾತಾಡುತ್ತೇನೆ, ಇಲ್ಲಿ ಅತ್ತೆ ಎಂದೇ ಬರೆಯುತ್ತೇನೆ.

ಇದನ್ನು ಬರೆಯಲು ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮನುಷ್ಯರ ಹೆಸರು, ಜಮೀನಿನ ಹೆಸರು ಯಾವುದೂ ಹಾಕಬಾರದು. ಹಾಗಾಗಿ ಕಾಗದ ಬರೆದವನನ್ನು ದೊಡ್ಡಜ್ಜ ಎನ್ನೋಣ. ಏಕವಚನ ಬೇಕೆಂದೇ ಹಾಕಿದ್ದೇನೆ. ಹಡಗು ಹತ್ತಿದಾಗ ಅವನಿಗೆ 22 ವರ್ಷ. ಬಹುವಚನ ಹಚ್ಚಿದರೆ ನನಗೆ ಆ ಹುಡುಗನ ಮುಖ ಕಾಣುವುದಿಲ್ಲ.

2025ರ ಜುಲೈ 4ರಂದು ಸ್ಟವಾಂಗರ್ ಬಂದರಿನಿಂದ ಒಂದು ಪುಟ್ಟ ಹಾಯಿಹಡಗು ಹೊರಟಿತು. ಸರಿಯಾಗಿ ಇನ್ನೂರು ವರ್ಷದ ಹಿಂದೆ, 1825ರಲ್ಲಿ, ರೆಸ್ಟೋರಾಶುನ್ ಎಂಬ ಹಡಗಿನಲ್ಲಿ 52 ಜನ ಇದೇ ಬಂದರಿನಿಂದ ಅಮೆರಿಕಕ್ಕೆ ಹೋಗಿದ್ದರು. ನಡುವೆ ಒಂದು ಮಗು ಹುಟ್ಟಿ, ನ್ಯೂಯಾರ್ಕ್ ಮುಟ್ಟುವಾಗ 53 ಆಗಿದ್ದರು. ಅಷ್ಟು ಸಣ್ಣ ಹಡಗಿಗೆ ಅಷ್ಟೊಂದು ಜನ ತುಂಬಿದ್ದಕ್ಕೆ ಅಮೆರಿಕದವರು ಹಡಗನ್ನೇ ಹಿಡಿದಿಟ್ಟಿದ್ದರು. ನಾರ್ವೆಯಿಂದ ಗುಂಪಾಗಿ ವಲಸೆ ಹೋದದ್ದು ಅದೇ ಮೊದಲು. ಆಮೇಲಿನ ನೂರು ವರ್ಷದಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಜನ ಹೋದರು. ಆಗ ಇಡೀ ದೇಶದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. 1882ರ ಒಂದೇ ವರ್ಷ 28 ಸಾವಿರದ ಮೇಲೆ ಹೋದರಂತೆ.

ಟಿವಿಯಲ್ಲಿ ಆ ಹಡಗು ಹೊರಡುವುದನ್ನು ನೋಡುತ್ತಾ ಅತ್ತೆ ಹೆಣಿಗೆ ಕೆಳಗಿಟ್ಟರು. "ನಮ್ಮವನೂ ಒಬ್ಬ ಹೋದ. ಹೋದವನು ಹೋದ" ಅಂದರು. ಆಮೇಲೆ ಡಬ್ಬಿ ತಂದರು.

ದೊಡ್ಡಜ್ಜನ ಬಗ್ಗೆ ಮನೆಯಲ್ಲಿ ಮೂರು ಕಥೆ ಇದ್ದವು. ಮಿಸಿಸಿಪ್ಪಿ ನದಿಯಲ್ಲಿ ಮರದ ದಿಮ್ಮಿ ತೇಲಿಸುವಾಗ ಮುಳುಗಿದ ಎನ್ನುವುದು ಒಂದು. ಕ್ಲಾಂಡೈಕ್‌ಗೆ ಚಿನ್ನ ಹುಡುಕಲು ಹೋಗಿ ಸಿರಿವಂತನಾಗಿ ಮನೆಯವರನ್ನು ಮರೆತ ಎನ್ನುವುದು ಇನ್ನೊಂದು. ಮೂರನೆಯದು ಅತ್ತೆಯ ಅಪ್ಪ ಹೇಳುತ್ತಿದ್ದದ್ದು: "ಅವನು ಬರೆಯುವ ಜಾತಿಯವನಲ್ಲ." ಅಷ್ಟೇ. ಮಕ್ಕಳು ಕೇಳಿದಾಗ ಆ ಕಾಗದವನ್ನು ಅಪ್ಪ ಓದಿ ಹೇಳುತ್ತಿದ್ದರಂತೆ. ದಿನಕ್ಕೆ ಒಂದೂವರೆ ಡಾಲರ್ ಕೂಲಿ, ಚಳಿ ನಮ್ಮೂರಿಗಿಂತ ಕೆಟ್ಟದ್ದು, ಹಂದಿ ಮಾಂಸ ದಿನವೂ ಸಿಗುತ್ತದೆ, ಅಮ್ಮನಿಗೆ ನಮಸ್ಕಾರ. ಅತ್ತೆಗೆ ಬಾಯಿಪಾಠ.

ನಾನು ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕುವುದೇ ಸಂಬಳದ ಕೆಲಸ. ಈ ಕಥೆಯಲ್ಲಿ ನನಗೆ ಮೊದಲು ಕಂಡ ತಪ್ಪು ಒಂದೇ. ಅವನು ಹಿರಿಮಗ.

ನಾರ್ವೆಯಲ್ಲಿ ಉಳಬಹುದಾದ ನೆಲ ನೂರರಲ್ಲಿ ಮೂರು ಪಾಲಿನಷ್ಟು. ಮಿಕ್ಕಿದ್ದೆಲ್ಲ ಕಲ್ಲು, ಕಾಡು, ಹಿಮ. ಇರುವುದನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಯಾರಿಗೂ ಸಾಕಾಗುವುದಿಲ್ಲ. ಓಡೆಲ್ ಎಂಬ ಹಳೇ ಹಕ್ಕಿನ ಪ್ರಕಾರ ಆಗ ಜಮೀನು ಇಡಿಯಾಗಿ ಹಿರಿಮಗನಿಗೆ. ಹಾಗಾಗಿ ಅಮೆರಿಕಕ್ಕೆ ಹೋಗುತ್ತಿದ್ದವರು ಎರಡನೇ ಮಗ, ಮೂರನೇ ಮಗ, ಹೆಣ್ಣುಮಕ್ಕಳು, ಭೂಮಿಯೇ ಇಲ್ಲದವರು. ಅಡಿಕೆ ತೋಟದ ಪಾಲಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಸವೆಸುವ ಊರಿನವಳು ನಾನು. ಪಾಲಿಲ್ಲದೆ ಇಡೀ ತೋಟ ತನಗೇ ಬರುವಾಗ ಯಾರಾದರೂ ಹಡಗು ಹತ್ತುತ್ತಾರಾ?

ಅತ್ತೆಯನ್ನು ಕೇಳಿದೆ. "ಹೌದಲ್ಲ" ಅಂದರು. ಎದ್ದು ಹೋಗಿ ಕಾಫಿ ಇಟ್ಟರು.

ಹುಡುಕಾಟದ ನಾರ್ವೆಯ ಭಾಗ ನಿಜವಾಗಿಯೂ ಸುಖ. ಇಲ್ಲಿನ ರಾಷ್ಟ್ರೀಯ ದಾಖಲೆ ಇಲಾಖೆಯವರು ಡಿಜಿಟಲ್‌ಆರ್ಕಿವೆಟ್ ಎಂಬ ತಾಣದಲ್ಲಿ ಚರ್ಚಿನ ಪುಸ್ತಕ, ಜನಗಣತಿ, ಆಸ್ತಿ ದಾಖಲೆ ಎಲ್ಲವನ್ನೂ ಪುಕ್ಕಟೆ ಇಟ್ಟಿದ್ದಾರೆ. ಯಾರಿಗೂ ಕೈ ಮುಗಿಯಬೇಕಿಲ್ಲ, ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯಬೇಕಿಲ್ಲ. 1865ರ ಗಣತಿಯಲ್ಲಿ ಅವನು ಕೂಸು. 1875ರಲ್ಲಿ ಶಾಲೆಯ ಹುಡುಗ. ಸಿಡುಬಿನ ಚುಚ್ಚುಮದ್ದು ಹಾಕಿಸಿದ್ದು ಕೂಡ ಚರ್ಚಿನ ಪುಸ್ತಕದಲ್ಲಿದೆ. ಬರ್ಗೆನ್ ಬಂದರಿನ ಪೊಲೀಸರು 1874ರಿಂದ ವಲಸಿಗರ ದಾಖಲೆ ಇಟ್ಟಿದ್ದಾರೆ. ಟಿಕೆಟ್ ಏಜೆಂಟರು ಹಳ್ಳಿಯವರಿಗೆ ಟೋಪಿ ಹಾಕದಿರಲಿ ಅಂತ. ಅದರಲ್ಲಿ 1886ರ ಏಪ್ರಿಲ್‌ನಲ್ಲಿ ಸಿಕ್ಕಿದ. ಹೆಸರು, ವಯಸ್ಸು, ಊರು, ಬ್ರಹ್ಮಚಾರಿ, ಹೋಗುವುದು ಮಿನಿಯಾಪೊಲಿಸ್‌ಗೆ. ಆ ಪುಟದ ಚಿತ್ರ ನೋಡಿ ಅತ್ತೆ ಪರದೆಯ ಮೇಲೇ ಬೆರಳಿಟ್ಟು ಸವರಿದರು. ಎಣ್ಣೆ ಬೆರಳು. ಒರೆಸಲಿಲ್ಲ ನಾನು.

ಒಂದು ಸಂಗತಿ ಮಾತ್ರ ಆಗಲೇ ಚುಚ್ಚಿತು. ಊರು ಬಿಡುವವರು ಪಾದ್ರಿಯ ಹತ್ತಿರ ಒಂದು ಪತ್ರ ಪಡೆದು ಹೋಗುವ ರೂಢಿಯಿತ್ತು. ಚರ್ಚಿನ ಪುಸ್ತಕದಲ್ಲಿ ಅದಕ್ಕೊಂದು ಪಟ್ಟಿಯೇ ಇದೆ. ಆ ವಸಂತದಲ್ಲಿ ಹೋದ ಹನ್ನೊಂದು ಜನ ಅದರಲ್ಲಿದ್ದಾರೆ. ಇವನಿಲ್ಲ. ಪಾದ್ರಿಗೆ ಮುಖ ತೋರಿಸದೆ ಹೋಗಿದ್ದ.

ಇನ್ನು ಅಮೆರಿಕದ ಭಾಗ. ಅಲ್ಲಿ ಸಿಕ್ಕಿಕೊಂಡದ್ದು ಹೆಸರಿನಲ್ಲಿ. ಅಂದಿನ ನಾರ್ವೆಯ ಹಳ್ಳಿಗರಿಗೆ ಮನೆತನದ ಹೆಸರು ಅಂತ ಇರಲಿಲ್ಲ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಇರುವ ಜಮೀನಿನ ಹೆಸರು. ಊಲೆಯ ಮಗ ಹಾನ್ಸ್ ಆದರೆ ಹಾನ್ಸ್ ಊಲ್ಸೆನ್, ಮಗಳು ಆನ್ನ ಆದರೆ ಆನ್ನ ಊಲ್ಸ್‌ದತ್ತರ್. ಹಾನ್ಸ್‌ನ ಮಗ ಮತ್ತೆ ಊಲ್ಸೆನ್ ಅಲ್ಲ, ಹಾನ್ಸೆನ್. ಬೇರೆ ಜಮೀನಿಗೆ ಹೋದರೆ ಮೂರನೇ ಹೆಸರು ಬದಲು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು ಇಡಬೇಕು. ಎಲ್ಲರಿಗೂ ಒಂದೇ ಹೆಸರು ಕಾಯಂ ಇರಲಿ ಎಂದು ಕಾನೂನು ಬಂದದ್ದೇ 1923ರಲ್ಲಿ.

ಗಂಡ ಇದನ್ನು ನನಗೆ ವಿವರಿಸಲು ಒದ್ದಾಡುತ್ತಿದ್ದ. ನನಗೆ ನಗು. ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು, ಮೊಮ್ಮಗನಿಗೆ ಅಜ್ಜನ ಹೆಸರು. ನಮ್ಮ ಇನಿಷಿಯಲ್ಲುಗಳನ್ನು ಬಿಡಿಸಿ ತಲೆಕೆಳಗೆ ಇಟ್ಟರೆ ಇದೇ ಅಲ್ವಾ? ನಾನು ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಕಚೇರಿಯಲ್ಲಿ ಅಪ್ಪನ ಹೆಸರನ್ನು ನನ್ನ ಹೆಸರೆಂದು ಹಾಕಿ, ಅದನ್ನು ತಿದ್ದಿಸಲು ಏಳು ತಿಂಗಳು ಹಿಡಿದಿತ್ತು. ಏಳು ತಿಂಗಳು ನನಗೆ ಬಂದ ಕಾಗದವೆಲ್ಲ ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಅಪ್ಪಯ್ಯನ ಹೆಸರಿಗೆ. ಆ ಏಳು ತಿಂಗಳಲ್ಲಿ ಯಾರಾದರೂ ನನ್ನನ್ನು ಹುಡುಕಿದ್ದರೆ ನಾನೂ ಕಾಣೆಯಾದವಳೇ.

ಅಮೆರಿಕಕ್ಕೆ ಹೋದವರು ಈ ಮೂರರಲ್ಲಿ ಯಾವುದನ್ನು ಬೇಕಾದರೂ ಕೊನೆಯ ಹೆಸರಾಗಿ ಇಟ್ಟುಕೊಳ್ಳುತ್ತಿದ್ದರು. ಒಂದೇ ತಾಯಿಯ ಮೂವರು ಮಕ್ಕಳು ಮೂರು ಹೆಸರಿನಲ್ಲಿ ಬದುಕಿದ್ದುಂಟು. ದೊಡ್ಡಜ್ಜನ ಮೊದಲ ಹೆಸರು, ಅಪ್ಪನ ಹೆಸರು ಎರಡೂ ತೀರಾ ಸಾಮಾನ್ಯ. ನಮ್ಮಲ್ಲಿ ನಾಗರಾಜ, ಮಂಜುನಾಥ ಇದ್ದ ಹಾಗೆ. ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದಲ್ಲಿ ಆ ಹೆಸರಿನವರು ರಾಶಿ ರಾಶಿ. ಜಮೀನಿನ ಹೆಸರು ಹಾಕಿ ಹುಡುಕಿದರೆ ಒಬ್ಬರೂ ಇಲ್ಲ. ಓ ಮೇಲೆ ಗೆರೆ ಎಳೆದ ಅಕ್ಷರ, ಎರಡು ಆ ಸೇರಿಸಿ ಬರೆಯುವ ಅಕ್ಷರ ಅಮೆರಿಕದ ಗುಮಾಸ್ತರಿಗೆ ಅರ್ಥವಾಗುತ್ತಿರಲಿಲ್ಲ, ಕೇಳಿದ ಹಾಗೆ ಬರೆದಿದ್ದಾರೆ. ಹದಿನಾಲ್ಕು ಥರದ ಕಾಗುಣಿತ ಮಾಡಿಕೊಂಡು ಹುಡುಕಿದೆ. ಇಲ್ಲ.

ನ್ಯೂಯಾರ್ಕಿನ ಪಟ್ಟಿಯೂ ಹೆಚ್ಚಿಗೆ ಹೇಳುವುದಿಲ್ಲ. ಎಲ್ಲರೂ ಹೆಸರು ಕೇಳಿರುವ ಎಲ್ಲಿಸ್ ದ್ವೀಪ ತೆರೆದದ್ದು 1892ರ ಜನವರಿ 1ಕ್ಕೆ. ಇವನು ಹೋದಾಗ ಇಳಿಯುತ್ತಿದ್ದದ್ದು ಕ್ಯಾಸಲ್ ಗಾರ್ಡನ್ ಎಂಬ ಹಳೇ ಕೋಟೆಯಲ್ಲಿ. ಉತ್ತರ ಸಮುದ್ರ ದಾಟಿ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿಂದ ದೊಡ್ಡ ಹಡಗು. ಹಡಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಕೂಲಿ, ಮುಗಿಯಿತು. ಎಲ್ಲಿಗೆ ಹೋಗುತ್ತಾನೆ, ಯಾರ ಮನೆಗೆ ಎಂದು ಆಗಿನ್ನೂ ಕೇಳುತ್ತಿರಲಿಲ್ಲ.

ಅದಾದ ಮೇಲೆ ಬರಬೇಕಾದದ್ದು 1890ರ ಅಮೆರಿಕದ ಜನಗಣತಿ. ಅದು ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ಒಂದು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಬೆಂಕಿ ಬಿತ್ತು. ಸುಟ್ಟದ್ದು ಸ್ವಲ್ಪ, ಬೆಂಕಿ ಆರಿಸಿದ ನೀರಿಗೆ ಹಾಳಾದದ್ದು ಜಾಸ್ತಿ. ಉಳಿದಿದ್ದನ್ನೂ ಆಮೇಲೆ ಸರ್ಕಾರವೇ ವಿಲೇವಾರಿ ಮಾಡಿತು. 1880ರಿಂದ 1900ರವರೆಗೆ ಇಪ್ಪತ್ತು ವರ್ಷದ ಗುಂಡಿ. ವಲಸೆ ಉಕ್ಕಿ ಹರಿದ ಕಾಲವೇ ಆ ಗುಂಡಿಗೆ ಬಿದ್ದಿದೆ. ನಮ್ಮ ದೊಡ್ಡಜ್ಜನೂ.

ಅಕ್ಟೋಬರಿನಲ್ಲಿ ವಿಸ್ಕಾನ್ಸಿನ್‌ನಲ್ಲಿ ಒಬ್ಬ ಸಿಕ್ಕಿದ. ಹೆಸರು ಸರಿ, ವಯಸ್ಸು ಸರಿ, ಬಂದ ವರ್ಷ 1886. ಹೆಂಡತಿ, ಏಳು ಮಕ್ಕಳು, ಹಾಲಿನ ಡೈರಿ. ನಾನು ತಾಳ್ಮೆ ತಪ್ಪಿ ಅತ್ತೆಗೆ ಫೋನ್ ಮಾಡಿ ಹೇಳಿಬಿಟ್ಟೆ. ಎರಡು ವಾರ ಅವರು ಆ ಏಳು ಮಕ್ಕಳ ಹೆಸರು ಹೇಳಿಕೊಂಡು ಓಡಾಡಿದರು. ಒಬ್ಬಳಿಗೆ ಅವರದೇ ಹೆಸರಿತ್ತು. ಆಮೇಲೆ ಅವನ ಸಾವಿನ ದಾಖಲೆ ತೆರೆದರೆ ಹುಟ್ಟೂರು ಹಾರ್ಡಂಗರ್. ಬೇರೆ ಫ್ಯೋರ್ಡು, ಬೇರೆ ಅಪ್ಪ, ಬೇರೆ ಮನುಷ್ಯ. ಅತ್ತೆ ಏನೂ ಅನ್ನಲಿಲ್ಲ. "ಒಳ್ಳೆಯ ಮಕ್ಕಳಾಗಿದ್ದವು" ಅಂದರು. ಆಮೇಲೆ ಒಂದು ತಿಂಗಳು ನಾನು ಇದನ್ನು ಮುಟ್ಟಲಿಲ್ಲ.

ಡಿಎನ್‌ಎ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ವರ್ಷದ ಕ್ರಿಸ್ಮಸ್‌ಗೆ ಗಂಡ ಅಮ್ಮನಿಗೆ ಪರೀಕ್ಷೆಯ ಕಿಟ್ ಕೊಟ್ಟಿದ್ದ. ಮನೆಯಲ್ಲಿ ಹಿರಿಯರದ್ದನ್ನು ಮಾಡಿಸುವುದೇ ಸರಿ, ತಲೆಮಾರು ಇಳಿದ ಹಾಗೆ ಪೂರ್ವಜರ ಪಾಲು ಅರ್ಧರ್ಧ ಕರಗುತ್ತದೆ. ಅತ್ತೆ ಕೊಳವೆಗೆ ಉಗಿದು, ಮುಖ ಒರೆಸಿಕೊಂಡು, "ಇದಕ್ಕೂ ದುಡ್ಡು ಕೊಟ್ಟೆಯಾ" ಅಂದಿದ್ದರು. ಅಮೆರಿಕದಲ್ಲಿ ಹತ್ತಿರದವರು ಯಾರಾದರೂ ಬಂದಾರೆಂದು ಕಾದೆವು. ಬಂದದ್ದು ಒಂದೇ ಹತ್ತಿರದ ಹೊಂದಾಣಿಕೆ. ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎಯನ್ನು ಸೆಂಟಿಮಾರ್ಗನ್‌ನಲ್ಲಿ ಅಳೆಯುತ್ತಾರೆ. ಇದು ಸುಮಾರು 120, ಅಂದರೆ ಮುತ್ತಜ್ಜನ ಮಟ್ಟದ ನಂಟು. ಆದರೆ ಆಕೆ ಅತ್ತೆಯ ಊರಿನವಳೇ. ಕಣಿವೆಯಲ್ಲಿ ಎಲ್ಲರೂ ಎಲ್ಲರಿಗೂ ಎಲ್ಲೋ ಒಂದು ಕಡೆ ನೆಂಟರು, ಇದರಲ್ಲೇನಿದೆ ಎಂದು ಬಿಟ್ಟೆವು. ನಮಗೆ ಬೇಕಿದ್ದದ್ದು ಅಮೆರಿಕ.

ನವೆಂಬರಿನ ಒಂದು ಶನಿವಾರ, ಬೇರೆ ಕೆಲಸವಿಲ್ಲದೆ, ಕಾಗದವನ್ನು ನಾನೇ ಓದೋಣ ಎಂದು ಕೂತೆ. ಅಲ್ಲಿಯವರೆಗೆ ಓದಿರಲಿಲ್ಲ. ಅತ್ತೆಗೆ ಬಾಯಿಪಾಠ ಇತ್ತಲ್ಲ. ಅದು ಗೋಥಿಕ್ ಕೈಬರಹ. ಇಲ್ಲಿನ ಇಂದಿನವರಿಗೆ ಓದಲು ಬರುವುದಿಲ್ಲ, ಅತ್ತೆಗೂ ಬರುವುದಿಲ್ಲ. ನಮ್ಮ ಕಡೆ ಹಳೇ ಕಡತಗಳ ಮೋಡಿ ಅಕ್ಷರದ ಹಾಗೆ. ಇ ಅಕ್ಷರ ಎನ್‌ನಂತೆ ಕಾಣುತ್ತದೆ, ಯು ತಲೆಯ ಮೇಲೆ ಒಂದು ಕೊಕ್ಕೆ ಇಟ್ಟುಕೊಂಡಿರುತ್ತದೆ. ಚರ್ಚಿನ ಪುಸ್ತಕ ಓದಿ ಓದಿ ನನಗೆ ಅಷ್ಟು ಹೊತ್ತಿಗೆ ಕಣ್ಣು ಪಳಗಿತ್ತು. ಒಂದೂವರೆ ಡಾಲರ್. ಚಳಿ. ಹಂದಿ ಮಾಂಸ. ಅಮ್ಮನಿಗೆ ನಮಸ್ಕಾರ. ಅದರ ನಂತರ, ಸಹಿಗೆ ಮೊದಲು, ಅತ್ತೆ ಎಂದೂ ಹೇಳದ ಒಂದು ಸಾಲು.

"ಮೇಲಿನ ಪ್ಲಾಸ್‌ನಲ್ಲಿ ಹೇಗಿದ್ದಾರೆ ಎಂದು ಯಾರೂ ನನಗೆ ಬರೆಯಲಿಲ್ಲ."

ಪ್ಲಾಸ್ ಅಂದರೆ ಸುಮ್ನೆ ಜಾಗ ಅಲ್ಲ. ದೊಡ್ಡ ಜಮೀನಿನ ಅಂಚಿನಲ್ಲಿ, ಕಲ್ಲಿನ ಇಳಿಜಾರಿನಲ್ಲಿ ಒಂದು ಗುಡಿಸಲು, ಒಂದು ಹಸು, ನಾಲ್ಕು ಮೇಕೆ, ಆಲೂಗಡ್ಡೆಯ ಒಂದು ಪಟ್ಟಿ. ಅಲ್ಲಿ ಇರುವವನು ಹೂಸ್‌ಮನ್. ನೆಲ ಅವನದಲ್ಲ. ಇರಲು ಬಿಟ್ಟಿದ್ದಕ್ಕೆ ಜಮೀನಿನವರ ಮನೆಯಲ್ಲಿ ದುಡಿಯಬೇಕು. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಕಾಗೋಡು ಸತ್ಯಾಗ್ರಹ ನಡೆದ ತಾಲೂಕಿನವಳು. ಒಡೆಯರು, ಒಕ್ಕಲು ಅಂದರೆ ಏನು, ಯಾರು ಜಗಲಿಯ ಮೇಲೆ, ಯಾರು ಅಂಗಳದಲ್ಲಿ ಎನ್ನುವುದು ಅಜ್ಜಿಯ ಬಾಯಿಂದ ಕೇಳಿ ಬೆಳೆದವಳು. ನಮ್ಮ ಮನೆ ಜಗಲಿಯ ಕಡೆಯದು, ಅದನ್ನೂ ಹೇಳಬೇಕು.

ಅತ್ತೆಯ ಮನೆತನದ ಜಮೀನಿನ ಮೇಲ್ಗಡೆ, ಅರ್ಧ ಗಂಟೆಯ ಏರಿನಲ್ಲಿ, ಅಂಥ ಒಂದು ಪ್ಲಾಸ್ ಇತ್ತು. ಈಗ ಅಡಿಪಾಯದ ಕಲ್ಲು, ಒಂದು ಸೇಬಿನ ಮರ ಉಳಿದಿದೆ. ನಾನು ಅಲ್ಲಿ ಕೂತು ಬುತ್ತಿ ಬಿಚ್ಚಿದ್ದೇನೆ.

ಆಮೇಲಿನದು ಹತ್ತು ನಿಮಿಷದ ಕೆಲಸ. ಚರ್ಚಿನ ಪುಸ್ತಕ, 1886, ದೀಕ್ಷಾಸ್ನಾನದ ಪುಟಗಳು. ಅವನು ಹೋದದ್ದು ಏಪ್ರಿಲ್. ನಾನು ಮೇ ತಿಂಗಳಿಂದ ಓದಿಕೊಂಡು ಹೋದೆ. ಸೆಪ್ಟೆಂಬರಿನಲ್ಲಿ ಒಂದು ಹೆಣ್ಣು ಮಗು. ತಾಯಿ ಮೇಲಿನ ಪ್ಲಾಸ್‌ನ ಮಗಳು, 19 ವರ್ಷ. ಮದುವೆಯಾಗದವರ ಮಗು ಎಂದು ಪಾದ್ರಿ ಬರೆದಿದ್ದಾನೆ, ಆ ಕಾಲದ ಪಾದ್ರಿಗಳು ಬರೆಯುತ್ತಿದ್ದ ಶಬ್ದದಲ್ಲಿ. ತಂದೆ ಯಾರೆಂದು ತಾಯಿ ಹೇಳಬೇಕಿತ್ತು. ಹೇಳಿದ್ದಾಳೆ. ಅವನ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ: ಅಮೆರಿಕಕ್ಕೆ ಹೋಗಿದ್ದಾನೆ.

ಡಿಎನ್‌ಎಯ ಆ ಒಂದು ಹೊಂದಾಣಿಕೆ ನೆನಪಾಯಿತು. ನಮ್ಮೂರಿನವಳೇ ಎಂದು ಬದಿಗಿಟ್ಟದ್ದು.

ಗಂಡನನ್ನು ಎಬ್ಬಿಸಲಿಲ್ಲ. ಆ ಹೊತ್ತಿನಲ್ಲಿ ಯಾಕೆ ಹೊಳೆಯಿತೋ, ಮಿನ್ನೆಸೋಟದ ದಾಖಲೆ ತೆರೆದೆ. ಆ ರಾಜ್ಯ 1885, 1895, 1905ರಲ್ಲಿ ತನ್ನದೇ ಗಣತಿ ಮಾಡಿಸಿತ್ತು. ಸುಟ್ಟುಹೋದ 1890ರ ಗುಂಡಿಗೆ ಅಡ್ಡ ಹಾಕಿದ ಹಲಗೆ ಆ 1895ರದ್ದು. ಅದರಲ್ಲಿ ಅವನ ಅಪ್ಪನ ಹೆಸರು ಹಾಕಿ ಹುಡುಕಿದ್ದೆ, ಜಮೀನಿನ ಹೆಸರು ಹಾಕಿ ಹುಡುಕಿದ್ದೆ. ಈಗ ಪ್ಲಾಸ್‌ನ ಹೆಸರು ಹಾಕಿದೆ. ಆ ಹೆಸರು ಆ ಬೆಟ್ಟದ ಹೊರಗೆ ಯಾರಿಗೂ ಗೊತ್ತಿರುವಂಥದ್ದಲ್ಲ. ಬೇರೆಲ್ಲೂ ಆ ಹೆಸರಿನ ಜಾಗವೂ ಇಲ್ಲ.

ಒಬ್ಬನೇ ಒಬ್ಬ ಬಂದ. ಅವನ ಮೊದಲ ಹೆಸರು, 31 ವರ್ಷ, ನಾರ್ವೆಯಲ್ಲಿ ಹುಟ್ಟಿದವ, ಕೂಲಿ.

1900ರ ಅಮೆರಿಕದ ಗಣತಿಯಲ್ಲಿ ಅದೇ ಹೆಸರಿನಲ್ಲಿ ಮತ್ತೆ ಸಿಕ್ಕಿದ. ಅಷ್ಟು ಹೊತ್ತಿಗೆ ಪಶ್ಚಿಮಕ್ಕೆ ಸರಿದಿದ್ದ. ನಾರ್ತ್ ಡಕೋಟದ ರೆಡ್ ರಿವರ್ ಕಣಿವೆ, ಗೋಧಿಯ ನಾಡು, ಒಬ್ಬ ಜರ್ಮನ್ ರೈತನ ಮನೆಯಲ್ಲಿ ಆಳು. ಆ ವರ್ಷದ ಗಣತಿಯಲ್ಲಿ ಹುಟ್ಟಿದ ತಿಂಗಳು ಕೂಡ ಕೇಳಿದ್ದರು. ಚರ್ಚಿನ ಪುಸ್ತಕದ ತಿಂಗಳಿಗೆ ಸರಿಹೊಂದುತ್ತದೆ. ಬಂದ ವರ್ಷ 1886. ಅವಿವಾಹಿತ. ಪೌರತ್ವದ ಅಂಕಣದಲ್ಲಿ ಎರಡೇ ಅಕ್ಷರ, ಅರ್ಥ ಪರದೇಶಿ. ಹದಿನಾಲ್ಕು ವರ್ಷವಾದರೂ ಪೌರತ್ವಕ್ಕೆ ಮೊದಲ ಅರ್ಜಿಯನ್ನೂ ಹಾಕಿರಲಿಲ್ಲ.

ಇದು ಸಣ್ಣ ವಿಷಯವಲ್ಲ. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ 160 ಎಕರೆ ಸಿಗುತ್ತಿತ್ತು. ಐದು ವರ್ಷ ಅಲ್ಲಿದ್ದು ಉಳಬೇಕು, ಒಂದಿಷ್ಟು ಶುಲ್ಕ ಕಟ್ಟಬೇಕು, ಅಷ್ಟೇ. ಆದರೆ ಆ ಮೊದಲ ಅರ್ಜಿಯಾದರೂ ಹಾಕಿರಬೇಕು. ಡಕೋಟಕ್ಕೆ ನಾರ್ವೆಯವರು ನುಗ್ಗಿದ್ದೇ ಇದಕ್ಕಾಗಿ. ಸರ್ಕಾರ ಕೊಟ್ಟ ಆ ಭೂಮಿಗಳ ಪಟ್ಟಿಯಲ್ಲಿ ಎರಡೂ ಹೆಸರು ಹುಡುಕಿದೆ. ಇವನು ಒಂದು ಎಕರೆಯನ್ನೂ ತೆಗೆದುಕೊಂಡಿಲ್ಲ. ಇಲ್ಲಿ ಬಂದ ಜಮೀನನ್ನು ಬಿಟ್ಟು ಹೋದ, ಅಲ್ಲಿ ಬರುತ್ತಿದ್ದ ಜಮೀನನ್ನು ಕೇಳಲಿಲ್ಲ.

ವಾಪಸ್ ಬರುವ ಯೋಚನೆ ಇತ್ತೇನೋ. ಹೋದವರಲ್ಲಿ ನಾಲ್ವರಲ್ಲಿ ಒಬ್ಬರ ಮಟ್ಟಿಗೆ ಹಿಂದೆ ಬಂದವರೂ ಇದ್ದಾರೆ. 1910ರ ನಾರ್ವೆಯ ಗಣತಿಯಲ್ಲಿ ಅಮೆರಿಕದಿಂದ ಮರಳಿದವರಿಗೇ ಬೇರೆ ಪ್ರಶ್ನೆಗಳಿದ್ದವು. ಅದನ್ನೂ ಜಾಲಾಡಿದೆ, ಊರಿನವರು ಆರು ಜನ ಇದ್ದರು, ಇವನಿಲ್ಲ. ಅಮೆರಿಕದ 1910ರಲ್ಲೂ ಇಲ್ಲ. 1918ರ ಸೈನ್ಯದ ನೋಂದಣಿ 45 ದಾಟಿದವರಿಗೆ ಇರಲಿಲ್ಲ, ಇವನಿಗೆ ಆಗ 54. ಆ ಜಿಲ್ಲೆಯ ಚರ್ಚಿನ ಸಾವಿನ ಪುಸ್ತಕಕ್ಕಾಗಿ ಬರೆದು ಕಾಯುತ್ತಿದ್ದೇನೆ.

ಅತ್ತೆಗೆ ಹೇಗೆ ಹೇಳುವುದು? ಗಂಡ ಹೇಳುವುದು ಬೇಡ ಅಂದ. ನಾನು ಹೇಳಬೇಕು ಅಂದೆ. ಕ್ರಿಸ್ಮಸ್‌ಗೆ ಊರಿಗೆ ಹೋದಾಗ, ಪಾತ್ರೆ ತೊಳೆದು ಮುಗಿದ ಮೇಲೆ, ಬಿಟ್ಟ ಸಾಲನ್ನು ಮೊದಲು ಓದಿ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು. ಆಮೇಲೆ ಮಗುವಿನ ವಿಷಯ.

"ಅಪ್ಪನಿಗೆ ಗೋಥಿಕ್ ಓದಲು ಚೆನ್ನಾಗಿ ಬರುತ್ತಿತ್ತು" ಅಂದರು. ಅಷ್ಟು ಹೇಳಿ ಬಹಳ ಹೊತ್ತು ಸುಮ್ಮನಿದ್ದರು.

ನಾನು ಪ್ಲಾಸ್‌ನ ಹೆಸರಿನ ವಿಷಯ ಹೇಳಿದೆ. ನೋಡಿ, ಹದಿನಾಲ್ಕು ವರ್ಷ ಅವಳ ಮನೆಯ ಹೆಸರಿಟ್ಟುಕೊಂಡು ತಿರುಗಿದ್ದಾನೆ ಅಂದೆ. ನನ್ನ ಗಂಟಲು ಸ್ವಲ್ಪ ಕಟ್ಟಿತ್ತು. ಅತ್ತೆ ಕರಗಲಿಲ್ಲ. "ಅಥವಾ ಯಾರೂ ಹುಡುಕದ ಹೆಸರು ಬೇಕಿತ್ತು. ನಮ್ಮ ಜಮೀನಿನ ಹೆಸರಿಟ್ಟುಕೊಂಡರೆ ಊರಿನವರು ಯಾರಾದರೂ ಹಿಡಿಯುತ್ತಿದ್ದರು. ಪ್ಲಾಸ್‌ನ ಹೆಸರನ್ನು ಯಾರು ಹುಡುಕುತ್ತಾರೆ?" ಯಾರೂ ಹುಡುಕಲಿಲ್ಲ ಎನ್ನುವುದಂತೂ ನಿಜ. ನಾವು ಆ ವಿಷಯದಲ್ಲಿ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.

"ಅವನು ಹೋಗದಿದ್ದರೆ ಜಮೀನು ನನ್ನ ಅಜ್ಜನಿಗೆ ಬರುತ್ತಿರಲಿಲ್ಲ" ಅಂತಲೂ ಅಂದರು. ಲೆಕ್ಕ ಹಾಕುವ ಧ್ವನಿಯಲ್ಲಿ. ಮದುವೆಯಾಗದವರ ಮಕ್ಕಳಿಗೂ ತಂದೆಯ ಹೆಸರು, ತಂದೆಯ ಆಸ್ತಿ ಎಂದು ನಾರ್ವೆಯಲ್ಲಿ ಕಾನೂನು ಬಂದದ್ದು 1915ರಲ್ಲಿ. ಜಗತ್ತಿನಲ್ಲೇ ಬಹಳ ಮುಂದಿನ ಕಾನೂನು ಅದು. ಆಗ ಆ ಮಗುವಿಗೆ 28 ವರ್ಷ.

ಎರಡು ಪುಟ ಮುದ್ರಿಸಿ ತಂದಿದ್ದೆ. ಒಂದು 1900ರ ಜೂನ್ ಗಣತಿ, ನಾರ್ತ್ ಡಕೋಟದ್ದು. ಇನ್ನೊಂದು ಅದೇ ವರ್ಷದ ಡಿಸೆಂಬರ್ ಗಣತಿ, ಇದೇ ಊರಿನದು. ಮೇಲಿನ ಪ್ಲಾಸ್‌ನಲ್ಲಿ ಅಜ್ಜ, ಅಜ್ಜಿ, ಹದಿನಾಲ್ಕು ವರ್ಷದ ಮೊಮ್ಮಗಳು. ಮೊಮ್ಮಗಳ ಹೆಸರಿನ ಮುಂದೆ ಅವನ ಹೆಸರು, ಅದರ ಬಾಲಕ್ಕೆ ದತ್ತರ್. ರೂಢಿಯ ಪ್ರಕಾರ, ಇನ್ನೇನು ಬರೆಯುತ್ತಾರೆ? ಶಾಲೆಯಲ್ಲಿ ಹಾಜರಿ ಕೂಗುವಾಗ, ಚರ್ಚಿನಲ್ಲಿ, ಈ ಮನೆಯ ಹುಲ್ಲು ಕೊಯ್ಲಿಗೆ ಕರೆದಾಗ, ಎಲ್ಲರೂ ಹಾಗೇ ಕರೆದಿರಬೇಕು. ಅತ್ತೆ ಕನ್ನಡಕ ಹಾಕಿಕೊಂಡು ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದರಲ್ಲಿ ಅವನ ಕೊನೆಗೆ ಅವಳ ಮನೆ. ಇನ್ನೊಂದರಲ್ಲಿ ಅವಳ ಕೊನೆಗೆ ಅವನು.

ಡಿಎನ್‌ಎಯಲ್ಲಿ ಬಂದ ಆ ಹೆಂಗಸು ಆ ಮಗುವಿನ ಮೊಮ್ಮಗಳು. ಅತ್ತೆಗಿಂತ ಎರಡು ವರ್ಷ ಚಿಕ್ಕವರು. ಒಂದೇ ಶಾಲೆಗೆ ಹೋದವರು. ಮನೆ ಫ್ಯೋರ್ಡಿನ ಅಂಚಿನಲ್ಲಿ, ಅಂಗಡಿಯ ಹಿಂದೆ, ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್.

ಮಾರನೇ ದಿನ ಬೆಳಿಗ್ಗೆ ಅತ್ತೆ ಫೋನ್ ಹಿಡಿದು ಪಡಸಾಲೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಲವತ್ತು ನಿಮಿಷ. ನಾನು ಅಡುಗೆಮನೆಯಲ್ಲಿ ಕಿವಿ ಚಾಚಿಕೊಂಡು ಆಲೂಗಡ್ಡೆ ಹೆರೆದೆ. ಕುರಿ, ಹಿಮ, ದೋಣಿಯ ಹೊಸ ವೇಳಾಪಟ್ಟಿ, ಯಾರದ್ದೋ ಮಂಡಿ ನೋವು ಕೇಳಿಸಿತು. ಹೊರಗೆ ಬಂದ ಮೇಲೆ ಕೇಳಿದೆ, ಹೇಳಿದಿರಾ?

"ಫೋನಿನಲ್ಲಿ ಹೇಳುವ ಮಾತೇ ಅದು?" ಅಂದರು. "ಭಾನುವಾರ ಕಾಫಿಗೆ ಬರುತ್ತಾಳೆ. ಆ ಎರಡು ಕಾಗದ ಡಬ್ಬಿಯಲ್ಲಿಡು."